ಹೆಸರಿಡುವ ಮುನ್ನ: ಹೆಸರಿನ ಮೂಲ, ಅರ್ಥ ಮತ್ತು ದಾಖಲೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಮಗುವಿಗೆ ಹೆಸರು ಹುಡುಕುವವರು, ತಮ್ಮದೇ ಹೆಸರಿನ ಬೇರು ತಿಳಿಯಬೇಕೆನ್ನುವವರು, ದಾಖಲೆಯಲ್ಲಿ ಹೆಸರು ತಪ್ಪಾಗಿ ಓಡಾಡುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಹೊರದೇಶದ ಹೆಸರುಗಳ ಮಾತೂ ಬರುತ್ತದೆ. ನಮ್ಮ ಹೆಸರುಗಳ ಗುಣ ಅವುಗಳ ಪಕ್ಕದಲ್ಲಿಟ್ಟಾಗಲೇ ಚೆನ್ನಾಗಿ ಕಾಣುವುದು.

ನಮ್ಮ ಹುಡುಗನ ಹೆಸರು ಕೊಟ್ರೇಶ. ನಿಘಂಟಿನಲ್ಲಿ ಈ ಪದವೇ ಇಲ್ಲ. ಹಾಗಾದರೆ ಅರ್ಥವಿಲ್ಲವೇ?

ಖಂಡಿತ ಇದೆ. ಕೊಟ್ಟೂರು + ಈಶ ಸೇರಿ ಕೊಟ್ಟೂರೇಶ. ಆಡುಮಾತಿನಲ್ಲಿ ಸವೆದು ಕೊಟ್ರೇಶ. ಕೊಟ್ಟೂರು ಬಸವೇಶ್ವರನ ಹೆಸರು ಅದು. ದಾವಣಗೆರೆಯಿಂದ ಕೊಟ್ಟೂರು ತೇರಿಗೆ ನಡೆದು ಹೋಗುವ ಮನೆಗಳಲ್ಲಿ ಕೊಟ್ರಪ್ಪ, ಕೊಟ್ರಮ್ಮ, ಕೊಟ್ರಬಸಪ್ಪ ಇದ್ದೇ ಇರುತ್ತಾರೆ.

ಹೆಸರಿಗೆ ಎರಡು ಬಗೆಯ ಅರ್ಥ ಇರುತ್ತದೆ. ಒಂದು ಪದದ ಅರ್ಥ, ಇನ್ನೊಂದು ಅದು ಯಾರನ್ನು ನೆನೆಯುತ್ತದೆ ಎಂಬುದು. ಹನುಮಂತ ಎಂಬುದರ ಪದಾರ್ಥ ‘ದವಡೆಯುಳ್ಳವನು’. ಮಗನಿಗೆ ಆ ಹೆಸರಿಡುವವರ ಮನಸ್ಸಿನಲ್ಲಿರುವುದು ಆಂಜನೇಯ. ನಮ್ಮ ಸೀಮೆಯ ಮುಕ್ಕಾಲುಪಾಲು ಹಳೆಯ ಹೆಸರುಗಳಿಗೆ ಎರಡನೆಯ ಅರ್ಥವೇ ಮುಖ್ಯ. ಆದ್ದರಿಂದ ಮೊದಲು ಕೇಳಬೇಕಾದ್ದು ‘ಯಾವ ದೇವರು, ಯಾವ ಊರು, ಯಾವ ಹಿರಿಯರು’ ಎಂದು. ನಿಘಂಟು ಆಮೇಲೆ.

ತಿಪ್ಪೇಸ್ವಾಮಿ, ತಿಪ್ಪಮ್ಮ ಎಂದರೆ ಬೇರೆ ಊರಿನವರು ನಗುತ್ತಾರೆ. ತಿಪ್ಪೆ ಎಂದರೆ ಕಸದ ಗುಂಡಿ ತಾನೇ?

ಪದ ಅದೇ, ಹೌದು. ಆದರೆ ಚಳ್ಳಕೆರೆ, ನಾಯಕನಹಟ್ಟಿ, ಮೊಳಕಾಲ್ಮೂರು ಕಡೆ ಈ ಹೆಸರಿಗೆ ಇರುವ ಗೌರವ ಬೇರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದ ಸಂತ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತದೆ. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಯ್ಯ, ತಿಪ್ಪೇಶ, ತಿಪ್ಪಮ್ಮ, ತಿಪ್ಪಕ್ಕ ಎಲ್ಲವೂ ಆ ಗದ್ದುಗೆಯ ಕಡೆಗೇ ಕೈ ತೋರಿಸುತ್ತವೆ. ಬಯಲುಸೀಮೆಯ ರೈತನಿಗೆ ತಿಪ್ಪೆ ಎಂದರೆ ಹೊಲಕ್ಕೆ ಹೋಗುವ ಗೊಬ್ಬರ. ಅದನ್ನು ಪೂಜಿಸುವ ಊರಿನಲ್ಲಿ ಆ ಪದ ಕೀಳಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ಪದ್ಧತಿಯೂ ಬೆರೆತಿದೆ. ಹಿಂದೆ ಹುಟ್ಟಿದ ಮಕ್ಕಳು ಉಳಿಯದಿದ್ದರೆ, ಮುಂದಿನ ಮಗುವಿನ ಮೇಲೆ ಯಾರ ಕಣ್ಣೂ ಬೀಳದಿರಲೆಂದು ಬೇಕೆಂದೇ ಸಾಧಾರಣ ಹೆಸರಿಡುವುದು. ತಿಪ್ಪ, ಗುಂಡ, ಕಲ್ಲಪ್ಪ ಎಂಬ ಹೆಸರುಗಳಲ್ಲಿ ಕೆಲವು ಹಾಗೆ ಬಂದವು. ಇದು ನಮ್ಮ ಕಡೆ ಮಾತ್ರ ಇದೆ ಎಂದುಕೊಳ್ಳಬೇಡಿ. ಮಂಗೋಲಿಯಾದಲ್ಲಿ ನೆರ್ಗುಯ್ ಎಂಬ ಹೆಸರಿದೆ, ‘ಹೆಸರಿಲ್ಲದವ’ ಎಂದು. ಎನೆಬಿಶ್ ಎಂದರೆ ‘ಇದಲ್ಲ’. ಚೀನಾದ ಹಳ್ಳಿಗಳಲ್ಲಿ ಮಗುವನ್ನು ‘ನಾಯಿಮೊಟ್ಟೆ’ ಎಂಬರ್ಥದ ಗೌದಾನ್ ಎಂದು ಕರೆಯುತ್ತಿದ್ದದ್ದೂ ಇದೇ ಕಾರಣಕ್ಕೆ. ಕೆಟ್ಟದ್ದನ್ನು ಮಗುವಿನಿಂದ ದೂರವಿಡಲು ತಾಯಂದಿರು ಹುಡುಕಿಕೊಂಡ ದಾರಿ ಅದು. ಅಜ್ಜನ ಹೆಸರು ತಿಪ್ಪಯ್ಯ ಎಂದು ಹೇಳಿಕೊಳ್ಳಲು ಮೊಮ್ಮಕ್ಕಳು ನಾಚಬೇಕಾದ್ದಿಲ್ಲ.

ಓಬವ್ವ, ಭರಮಣ್ಣ, ಮದಕರಿ: ದುರ್ಗದ ಈ ಹೆಸರುಗಳ ಮೂಲವೇನು?

ಆಂಧ್ರದ ಅಹೋಬಲ ನರಸಿಂಹನ ಕ್ಷೇತ್ರ. ಅಹೋಬಲ ಬಾಯಿಂದ ಬಾಯಿಗೆ ಬಂದು ಓಬಳ ಆಯಿತು. ಅದರಿಂದ ಓಬಳೇಶ, ಓಬಯ್ಯ, ಓಬಣ್ಣ, ಓಬವ್ವ. ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತವಳ ಹೆಸರಿನೊಳಗೆ ನರಸಿಂಹ ಇದ್ದಾನೆ.

ಭರಮಣ್ಣ, ಬರಮಪ್ಪ ಎಂಬವು ಬ್ರಹ್ಮ ಶಬ್ದದವು. ಅದೇ ಬ್ರಹ್ಮ ಇನ್ನೊಂದು ದಾರಿಯಲ್ಲಿ ಬೊಮ್ಮ ಆಗಿ ಬೊಮ್ಮಯ್ಯ, ಬೊಮ್ಮಕ್ಕ ಆಗಿದೆ. ಮದಕರಿ ಎಂದರೆ ಮದವೇರಿದ ಆನೆ. ಅಂಥ ಆನೆಯನ್ನು ಅಡಗಿಸಿದ ಪರಾಕ್ರಮದ ಕಥೆ ನಾಯಕರ ಮನೆತನದ ಜೊತೆ ಅಂಟಿಕೊಂಡಿದೆ. ಇನ್ನು ವೃಷಭ ಪ್ರಾಕೃತದಲ್ಲಿ ವಸಹ ಆಗಿ ಕನ್ನಡದಲ್ಲಿ ಬಸವ ಆಯಿತು. ಲಿಂಗಪ್ಪ ನಿಂಗಪ್ಪ ಆದ. ಆಂಜನೇಯ ಅಂಜಿನಪ್ಪ ಆದ. ಇವನ್ನು ‘ಅಪಭ್ರಂಶ, ಸರಿಪಡಿಸಬೇಕು’ ಎಂದು ತಿದ್ದುವವರಿದ್ದಾರೆ. ತಿದ್ದಬೇಡಿ. ನಿಂಗಪ್ಪ ತಪ್ಪಾದ ಲಿಂಗಪ್ಪ ಅಲ್ಲ, ನೂರಾರು ವರ್ಷ ಜನ ಕರೆದು ನಯವಾದ ಹೆಸರು.

ಈ ಸೀಮೆಯ ದೇವರಿಂದ ಬಂದ ಇನ್ನೂ ಯಾವ ಹೆಸರುಗಳಿವೆ?

ಬಹಳ. ದಾವಣಗೆರೆಯ ದುಗ್ಗಮ್ಮನಿಂದ ದುರುಗಪ್ಪ, ದುಗ್ಗಪ್ಪ, ದುರುಗಮ್ಮ. ಉಚ್ಚಂಗಿದುರ್ಗದ ಅಮ್ಮನಿಂದ ಉಚ್ಚೆಂಗೆಪ್ಪ, ಉಚ್ಚೆಂಗಮ್ಮ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಅಜ್ಜಯ್ಯನಿಂದ ಕರಿಬಸಪ್ಪ, ಕರಿಬಸಮ್ಮ. ಸಿರಿಗೆರೆ ಮಠದ ಶಿಷ್ಯರಲ್ಲಿ ಮರುಳಸಿದ್ದಪ್ಪ. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಎಂದರೆ ಕುಲದ ವೀರರೂ ದೇವರೂ. ಮ್ಯಾಸನಾಯಕರಲ್ಲಿ ಪಾಲಯ್ಯ, ಪಾಪಯ್ಯ, ಬೋರಯ್ಯ.

ಮುರುಗೇಶ ಎಂಬ ಹೆಸರಿನ ಬಗ್ಗೆ ಒಂದು ಎಚ್ಚರ. ತಮಿಳುನಾಡಿನಲ್ಲಿ ಅದು ಮುರುಗನ್, ಅಂದರೆ ಸುಬ್ರಹ್ಮಣ್ಯ. ಚಿತ್ರದುರ್ಗದ ಮುರುಗೇಶಪ್ಪ, ಮುರುಗೇಂದ್ರಪ್ಪ ಎಂಬ ಹೆಸರುಗಳು ಅಲ್ಲಿನ ಮುರುಘರಾಜೇಂದ್ರ ಮಠದ ಪರಂಪರೆಯಿಂದ ಬಂದವು. ಕೇಳಲು ಒಂದೇ, ಬೇರು ಬೇರೆ. ಹೆಸರಿನ ಪಟ್ಟಿಗಳು ಇಲ್ಲಿಯೇ ಎಡವುತ್ತವೆ.

ನಾಯಕ ಮತ್ತು ನಾಯ್ಕ ಒಂದೇ ಅಲ್ಲವೇ?

ಪದದ ಮೂಲ ಒಂದೇ. ಆದರೆ ಬಳಕೆ ಬೇರೆ. ಲಂಬಾಣಿ ತಾಂಡಾದ ಮುಖ್ಯಸ್ಥ ನಾಯ್ಕ. ಅದು ಗಂಡಸರ ಹೆಸರಿನ ಕೊನೆಗೆ, ಬಾಯಿ ಎಂಬುದು ಹೆಂಗಸರ ಹೆಸರಿನ ಕೊನೆಗೆ ಬರುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವಾದ್ದರಿಂದ ಸೇವ್ಯಾ ನಾಯ್ಕ, ಸೇವಾಲಾಲ್ ಎಂಬ ಹೆಸರುಗಳಿಗೆ ಈ ಜಿಲ್ಲೆಯೇ ತವರು. ಇನ್ನೊಂದು ಕಡೆ ನಾಯಕ ಎಂಬುದು ವಾಲ್ಮೀಕಿ ನಾಯಕ ಸಮುದಾಯದ ಹೆಸರು. ಲಂಬಾಣಿಗಳು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ, ವಾಲ್ಮೀಕಿ ನಾಯಕರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಶಾಲೆಯ ದಾಖಲಾತಿಯಲ್ಲಿ ‘ಯ್ಕ’ ಹೋಗಿ ‘ಯಕ’ ಆದರೆ ಮುಂದೆ ಪ್ರಮಾಣಪತ್ರ ಪರಿಶೀಲನೆ ವೇಳೆ ಪ್ರಶ್ನೆ ಏಳುತ್ತದೆ. ಒಂದನೇ ತರಗತಿಗೆ ಸೇರಿಸುವ ದಿನವೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಓದಿ ನೋಡಿ.

ಅಪ್ಪ, ಅಯ್ಯ, ಅವ್ವ ಸೇರಿಸಿದರೆ ಹೆಸರು ಹಳೆಯದೆನಿಸುತ್ತದೆ. ‘ಈಶ’ ಸೇರಿಸಬಹುದೇ?

ಜನ ಸೇರಿಸುತ್ತಲೇ ಇದ್ದಾರೆ. ಹಾಲಪ್ಪನ ಮೊಮ್ಮಗ ಹಾಲೇಶ, ತಿಪ್ಪಯ್ಯನ ಮೊಮ್ಮಗ ತಿಪ್ಪೇಶ. ವ್ಯಾಕರಣದ ಪ್ರಕಾರ ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದರೆ ಅರಿಸಮಾಸ ಎನ್ನುತ್ತಾರೆ. ಹೆಸರುಗಳು ಆ ನಿಯಮವನ್ನು ಯಾವತ್ತೂ ಕೇಳಿಲ್ಲ. ಅಜ್ಜನ ಹೆಸರು ಉಳಿಸಿಕೊಂಡು ಮಗುವಿಗೆ ಹೊಸ ರೂಪ ಕೊಡಬೇಕೆಂದರೆ ಇದು ಒಳ್ಳೆಯ ದಾರಿ. ಅಪ್ಪ ಉಳಿಸಿಕೊಂಡರೂ ಚೆಂದವೇ. ಈ ನೆಲದ ನಿಜಲಿಂಗಪ್ಪನವರು ಆ ಹೆಸರಲ್ಲೇ ರಾಜ್ಯ ಆಳಿದರು.

ಇಂಟರ್‌ನೆಟ್ಟಿನಲ್ಲಿ ಕೊಟ್ಟ ಅರ್ಥ ನಂಬಬಹುದೇ?

ಪರೀಕ್ಷಿಸದೆ ನಂಬಬೇಡಿ. ಒಂದು ತಾಣದ ತಪ್ಪನ್ನು ಇನ್ನೊಂದು ತಾಣ ನಕಲು ಮಾಡುತ್ತದೆ. ಹತ್ತು ಕಡೆ ಒಂದೇ ಅರ್ಥ ಕಂಡಿತೆಂದ ಮಾತ್ರಕ್ಕೆ ಅದು ಖಚಿತವಾಗುವುದಿಲ್ಲ.

ಆರವ್ ಎಂಬ ಹೆಸರನ್ನೇ ನೋಡಿ. ‘ಶಾಂತ’ ಎಂದು ಬರೆದಿರುತ್ತಾರೆ. ಸಂಸ್ಕೃತದಲ್ಲಿ ‘ರವ’ ಎಂದರೆ ಸದ್ದು. ಹ್ರಸ್ವ ‘ಅ’ ಸೇರಿದರೆ ಅರವ, ಸದ್ದಿಲ್ಲದ್ದು. ದೀರ್ಘ ‘ಆ’ ಸೇರಿದರೆ ಆರವ, ಅಂದರೆ ಕೂಗು, ಗದ್ದಲ. ಒಂದು ಮಾತ್ರೆಯ ವ್ಯತ್ಯಾಸದಲ್ಲಿ ಅರ್ಥ ತಿರುಗಿ ನಿಂತಿದೆ. ಹೆಸರು ಇಷ್ಟವಾದರೆ ಇಡಿ, ತೊಂದರೆಯಿಲ್ಲ. ಹುಟ್ಟಿದ ಕೂಸಿಗೆ ಕೂಗು ಎಂಬ ಹೆಸರು ಒಪ್ಪುತ್ತದೆ ಕೂಡ. ತಿಳಿದು ಇಡಿ ಎಂಬುದಷ್ಟೇ ಮಾತು.

ಇತ್ತೀಚೆಗೆ ‘ಆಂಶ್’ ಎಂದು ಮುಗಿಯುವ ಹೆಸರುಗಳು ಬಹಳ. ಅಂಶ ಎಂದರೆ ಭಾಗ, ಅಂಶು ಎಂದರೆ ಕಿರಣ. ಶಿವಾಂಶ ಎಂದರೆ ಶಿವನ ಅಂಶ, ಸರಿ. ಆದರೆ ‘ಆಂಶ್’ ಎಂದು ಮುಗಿಯುವ ಯಾವುದನ್ನೋ ‘ಸೂರ್ಯಕಿರಣ’ ಎಂದು ಕೊಟ್ಟಿದ್ದರೆ ಅಲ್ಲಿ ಅಂಶ, ಅಂಶು ಎರಡೂ ಕಲಸಿಹೋಗಿವೆ ಎಂದೇ ತಿಳಿಯಿರಿ.

ಕಿಯಾರಾ ಇನ್ನೊಂದು. ಇಟಲಿಯ ಕಿಯಾರಾ ಲ್ಯಾಟಿನ್ನಿನ ‘ಕ್ಲಾರಾ’ದಿಂದ ಬಂದದ್ದು, ಅರ್ಥ ಬೆಳಕು, ತಿಳಿ. ಐರ್ಲೆಂಡಿನ ಕೀರಾ ಎಂಬ ಹೆಸರಿನ ಧಾತು ‘ಕಪ್ಪು’. ಇಂಗ್ಲಿಷಿನಲ್ಲಿ ಬರೆದಾಗ ಎರಡೂ ಹತ್ತಿರ ಹತ್ತಿರ ಕಾಣುತ್ತವೆ, ಪಟ್ಟಿ ಮಾಡುವವರು ಬೆರೆಸಿಬಿಡುತ್ತಾರೆ. ಇದಕ್ಕೆ ಸಂಸ್ಕೃತ ಮೂಲ ಹೇಳುವವರನ್ನು ಧಾತು ಯಾವುದೆಂದು ಕೇಳಿ.

ಪರೀಕ್ಷಿಸುವ ಕ್ರಮ ಹೀಗೆ. ಮೊದಲು ಹೆಸರು ಯಾವ ಭಾಷೆಯದೆಂದು ಖಚಿತಪಡಿಸಿಕೊಳ್ಳಿ. ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಹ್ರಸ್ವ-ದೀರ್ಘ, ಶ-ಷ-ಸ, ಅಲ್ಪಪ್ರಾಣ-ಮಹಾಪ್ರಾಣ ಇಂಗ್ಲಿಷ್ ಅಕ್ಷರದಲ್ಲಿ ಮರೆಯಾಗುತ್ತವೆ, ತಪ್ಪು ಹುಟ್ಟುವುದೇ ಅಲ್ಲಿ. ಆಮೇಲೆ ಪದ ಬಿಡಿಸಿ: ಉಪಸರ್ಗ, ಧಾತು, ಪ್ರತ್ಯಯ. ಸಂಸ್ಕೃತಕ್ಕೆ 1899ರ ಮೋನಿಯರ್ ವಿಲಿಯಮ್ಸ್ ಕೋಶ, ಕನ್ನಡಕ್ಕೆ 1894ರ ಕಿಟೆಲ್ ಕೋಶ ಅಥವಾ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ತೆರೆಯಿರಿ. ಅಲ್ಲಿ ಸಿಗದಿದ್ದರೆ ಹೆಸರು ಈಚೆಗೆ ಕಟ್ಟಿದ್ದು ಅಥವಾ ಬೇರೆ ಭಾಷೆಯದು.

ಕೋಶದಲ್ಲಿ ಸಿಕ್ಕ ಅರ್ಥ ಕೆಲವೊಮ್ಮೆ ಗಾಬರಿ ಹುಟ್ಟಿಸುತ್ತದೆ. ಲಾವಣ್ಯದ ಮೂಲ ‘ಲವಣ’, ಉಪ್ಪು; ಉಪ್ಪಿನ ರುಚಿಯಂಥ ಚೆಲುವು ಎಂದಾಗಿದೆ. ಅಪರ್ಣಾ ಎಂದರೆ ಎಲೆಯಿಲ್ಲದವಳು. ತಪಸ್ಸಿನಲ್ಲಿ ಎಲೆಯನ್ನೂ ತಿನ್ನದ ಪಾರ್ವತಿ. ಮೊದಲ ಸಾಲು ಓದಿ ಹೆಸರು ಕೈಬಿಡಬೇಡಿ.

ಜಾತಕದಲ್ಲಿ ‘ಙ’ ಅಥವಾ ‘ಣ’ ಬಂದಿದೆ. ಈ ಅಕ್ಷರದ ಹೆಸರೇ ಇಲ್ಲವಲ್ಲ?

ಹುಟ್ಟಿದ ನಕ್ಷತ್ರದ ಪಾದ ನೋಡಿ ಹೆಸರಿನ ಮೊದಲ ಅಕ್ಷರ ಹಿಡಿಯುತ್ತಾರೆ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ರೋಹಿಣಿಗೆ ಓ, ವಾ, ವೀ, ವೂ ಎಂದರೆ ಸುಲಭ. ಆರ್ದ್ರೆಗೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಙ, ಣ ಪದದ ಮೊದಲಲ್ಲಿ ಬರುವ ಅಕ್ಷರಗಳಲ್ಲ. ರೂಢಿಯಲ್ಲಿ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ತೆಗೆದುಕೊಳ್ಳುತ್ತಾರೆ. ಆರ್ದ್ರೆಯವರು ‘ಕು’ ಹಿಡಿದು ಕುಸುಮ, ಕುಮಾರ. ಹಸ್ತದವರು ‘ಪು’ ಹಿಡಿದು ಪುನೀತ, ಪುಷ್ಪ. ಕೆಲವರು ನಕ್ಷತ್ರನಾಮವನ್ನು ಪೂಜೆಗೆ ಮಾತ್ರ ಇಟ್ಟು ಕರೆಯುವ ಹೆಸರು ಬೇರೆ ಇಡುತ್ತಾರೆ. ಒಂದು ಪಾದ ಸುಮಾರು 6 ಗಂಟೆ ಇರುತ್ತದೆ. ಗಡಿಯ ಹೊತ್ತಿನಲ್ಲಿ ಹುಟ್ಟಿದ್ದರೆ ಆಸ್ಪತ್ರೆಯ ಚೀಟಿಯಲ್ಲಿ ಬರೆದ ಸಮಯ ಕೆಲವೇ ನಿಮಿಷ ತಪ್ಪಿದರೂ ಅಕ್ಷರ ಬದಲಾಗುತ್ತದೆ.

ಹಳೆಯ ಗೃಹ್ಯಸೂತ್ರಗಳು ಅಕ್ಷರಕ್ಕಿಂತ ಎಣಿಕೆಗೆ ಮಹತ್ವ ಕೊಟ್ಟಿವೆ: ಗಂಡಿಗೆ ಎರಡು ಅಥವಾ ನಾಲ್ಕು ಅಕ್ಷರ, ಹೆಣ್ಣಿಗೆ ಬೆಸಸಂಖ್ಯೆಯ ಅಕ್ಷರ, ಕೊನೆಗೆ ‘ಆ’. ರಾಮ, ಸುಶೀಲಾ ಎರಡೂ ಈ ಲೆಕ್ಕಕ್ಕೆ ಕೂರುತ್ತವೆ.

ಮುಸ್ಲಿಂ ಹೆಸರುಗಳೆಲ್ಲ ಅರಬ್ಬಿಯೇ?

ಅಲ್ಲ. ದಾವಣಗೆರೆಯ ಯಾವ ಮೊಹಲ್ಲಾದಲ್ಲೂ ಕೇಳುವ ದಾದಾಪೀರ್, ದಸ್ತಗೀರ್ ಪಾರಸಿ ಬಳಕೆಯವು. ದಸ್ತಗೀರ್ ಎಂದರೆ ಕೈಹಿಡಿದು ಕಾಯುವವನು, ಸಂತ ಅಬ್ದುಲ್ ಖಾದರ್ ಜೀಲಾನಿಯವರ ಬಿರುದು. ಶಬನಮ್ ಇಬ್ಬನಿ, ನಸ್ರೀನ್ ಕಾಡುಗುಲಾಬಿ, ಇವೂ ಪಾರಸಿ. ಪರ್ವೀನ್ ಪಾರಸಿಯಲ್ಲಿ, ಸುರಯ್ಯಾ ಅರಬ್ಬಿಯಲ್ಲಿ, ಕೃತ್ತಿಕಾ ಸಂಸ್ಕೃತದಲ್ಲಿ: ಮೂವರು ಹುಡುಗಿಯರ ಹೆಸರೂ ಆಕಾಶದ ಒಂದೇ ನಕ್ಷತ್ರಗುಚ್ಛ. ಒಂದೇ ಬೀದಿಯಲ್ಲಿ ಮೂವರೂ ಇರಬಹುದು.

‘ಅಬ್ದುಲ್’ ಎಂದು ಅರ್ಧಕ್ಕೆ ನಿಲ್ಲಿಸುವುದು ತಪ್ಪು. ಅದು ‘...ನ ಸೇವಕ’ ಎಂಬ ಅರ್ಧ ಮಾತು. ಅಬ್ದುಲ್ ರಹಮಾನ್ ಎಂದರೆ ಕರುಣಾಳುವಾದ ದೇವರ ಸೇವಕ. ಅರ್ಜಿಯಲ್ಲಿ ಮೊದಲ ಹೆಸರು ಅಬ್ದುಲ್, ಕೊನೆಯ ಹೆಸರು ರಹಮಾನ್ ಎಂದು ಒಡೆದರೆ ಎರಡೂ ಕೆಡುತ್ತವೆ. ಎರಡನ್ನೂ ಒಂದೇ ಕಾಲಂನಲ್ಲಿ ಬರೆಯಿರಿ.

ಒಂದೇ ಅರ್ಥದ ಹೆಸರು ಬೇರೆ ಬೇರೆ ಧರ್ಮಗಳಲ್ಲಿ ಇರುತ್ತದೆಯೇ?

ಇದು ಈ ವಿಷಯದ ಅತ್ಯಂತ ಸೊಗಸಾದ ಭಾಗ. ‘ದೇವರು ಕೊಟ್ಟದ್ದು’ ಎಂಬ ಒಂದೇ ಭಾವ ಹಿಡಿದು ಹೊರಡಿ. ನಮ್ಮಲ್ಲಿ ದೇವದತ್ತ, ಗುರುದತ್ತ. ಗ್ರೀಕಿನಲ್ಲಿ ಥಿಯೊಡೋರ್; ಅದೇ ಎರಡು ತುಂಡು ಅದಲುಬದಲಾಗಿ ಡೊರೊಥಿ. ಹೀಬ್ರೂವಿನಲ್ಲಿ ನಥಾನಿಯೇಲ್. ಸ್ಲಾವಿಕ್ ನಾಡುಗಳಲ್ಲಿ ಬೊಗ್ದಾನ್. ಫ್ರೆಂಚಿನಲ್ಲಿ ದ್ಯೂದೊನೆ. ಅರಬ್ಬಿಯಲ್ಲಿ ಅತಾವುಲ್ಲಾ. ನಮ್ಮೂರುಗಳಲ್ಲಿ ಅಲ್ಲಾಬಕ್ಷ್. ಹರಕೆ ಹೊತ್ತು ಮಗು ಪಡೆದ ಮನೆ ಎಲ್ಲ ಕಡೆಯೂ ಇರುವುದರಿಂದ ಈ ಹೆಸರೂ ಎಲ್ಲ ಕಡೆ ಹುಟ್ಟಿದೆ.

ಹಾಗೆಯೇ ಒಂದೇ ಹೆಸರು ಊರೂರು ತಿರುಗಿ ವೇಷ ಬದಲಿಸುವುದುಂಟು. ಹೀಬ್ರೂವಿನ ಯೋಹಾನಾನ್, ‘ದೇವರು ಕೃಪೆ ತೋರಿದ’. ಕನ್ನಡ ಬೈಬಲ್ಲಿನಲ್ಲಿ ಯೋಹಾನ, ಇಂಗ್ಲಿಷಿನಲ್ಲಿ ಜಾನ್, ಸ್ಪೇನಿನಲ್ಲಿ ಹ್ವಾನ್, ರಷ್ಯಾದಲ್ಲಿ ಇವಾನ್, ಐರ್ಲೆಂಡಿನಲ್ಲಿ ಶಾನ್. ಕುರಾನಿನಲ್ಲಿ ಸ್ನಾನಿಕ ಯೋಹಾನನನ್ನು ಯಾಹ್ಯಾ ಎಂದು ಕರೆದಿದೆ.

ಹುಟ್ಟಿದ ವಾರದ ಮೇಲೆ ಹೆಸರಿಡುವ ಪದ್ಧತಿ ಎಲ್ಲಿದೆ?

ಘಾನಾದ ಆಕಾನ್ ಜನರಲ್ಲಿ. ಗಂಡುಮಗು ಶುಕ್ರವಾರ ಹುಟ್ಟಿದರೆ ಕೋಫಿ, ಶನಿವಾರವಾದರೆ ಕ್ವಾಮೆ, ಭಾನುವಾರವಾದರೆ ಕ್ವಾಸಿ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ.

ಸಾಕಮ್ಮ ಎಂಬ ಹೆಸರಿಡಬಹುದೇ?

ಸಾಕಿ ಸಲಹುವವಳು ಎಂದು ತಿಳಿದು ಇಟ್ಟ ಮನೆಗಳಿವೆ. ಆದರೆ ಸಾಲಾಗಿ ಹೆಣ್ಣುಮಕ್ಕಳಾದಾಗ ‘ಇನ್ನು ಸಾಕು’ ಎಂದು ಇಟ್ಟದ್ದೇ ಹೆಚ್ಚು ಎಂದು ಹಿರಿಯರು ಹೇಳುತ್ತಾರೆ. ಮಹಾರಾಷ್ಟ್ರದಲ್ಲಿ ‘ಬೇಡದವಳು’ ಎಂಬರ್ಥದ ನಕುಶಾ, ನಕೋಶಿ ಎಂಬ ಹೆಸರುಗಳಿದ್ದವು. 2011ರಲ್ಲಿ ಸಾತಾರಾ ಜಿಲ್ಲಾಡಳಿತ ಸಮಾರಂಭ ನಡೆಸಿ ಅಂಥ ನೂರಾರು ಹುಡುಗಿಯರಿಗೆ ಹೊಸ ಹೆಸರಿಟ್ಟಿತು. ತಿಪ್ಪಮ್ಮ ಎಂಬುದು ಮಗುವನ್ನು ಉಳಿಸಿಕೊಳ್ಳಲು ಇಟ್ಟ ಹೆಸರು. ‘ಸಾಕು’ ಎಂಬುದು ಮಗುವಿನ ಮುಖಕ್ಕೇ ಹೇಳಿದ ಮಾತು. ಅಜ್ಜಿಯ ನೆನಪಿಗೆ ಇಡುವುದಾದರೆ ಸರಿ. ಆ ಭಾವದಲ್ಲಿ ಮಾತ್ರ ಯಾವ ಹೆಣ್ಣುಮಗುವಿಗೂ ಇಡಬೇಡಿ.

ಬದುಕಿರುವ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡಬಹುದೇ?

ಮನೆತನದ ರೂಢಿ ನೋಡಿ. ಗ್ರೀಸಿನಲ್ಲಿ ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವುದು ವಾಡಿಕೆ. ಯೂರೋಪಿನ ಅಶ್ಕೆನಾಜಿ ಯಹೂದಿಗಳು ಬದುಕಿರುವವರ ಹೆಸರಿಡುವುದಿಲ್ಲ, ಸ್ಪೇನ್ ಮೂಲದ ಸೆಫಾರ್ಡಿ ಯಹೂದಿಗಳು ಇಡುತ್ತಾರೆ.

ನಮಗೆ ಸರ್‌ನೇಮ್ ಇಲ್ಲ, ಇನಿಶಿಯಲ್ ಮಾತ್ರ. ಪಾಸ್‌ಪೋರ್ಟಿಗೆ ಏನು ಮಾಡಬೇಕು?

ನಮ್ಮ ಪದ್ಧತಿ ಊರು, ತಂದೆ, ಆಮೇಲೆ ಹೆಸರು. ಎಸ್. ನಿಜಲಿಂಗಪ್ಪನವರ ‘ಎಸ್’ ಸಿದ್ದವ್ವನಹಳ್ಳಿ. ತ.ರಾ.ಸು. ಎಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯ. ತಳುಕು ಚಳ್ಳಕೆರೆ ತಾಲ್ಲೂಕಿನ ಊರು. ತಂದೆಯ ಹೆಸರು ಹೊತ್ತು ನಡೆಯುವುದರಲ್ಲಿ ನಾವು ಒಬ್ಬರೇ ಇಲ್ಲ. ಐಸ್‌ಲ್ಯಾಂಡಿನಲ್ಲಿ ಯೋನ್ ಎಂಬವನ ಮಗ ಯೋನ್‌ಸನ್, ಮಗಳು ಯೋನ್ಸ್‌ದೋತ್ತಿರ್. ಅಲ್ಲಿ ದೂರವಾಣಿ ಪುಸ್ತಕವೂ ಮೊದಲ ಹೆಸರಿನ ಅಕಾರಾದಿಯಲ್ಲೇ ಇರುತ್ತಿತ್ತು.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಕಾಲಂ ಖಾಲಿ ಬಿಟ್ಟು ಒಂದೇ ಹೆಸರಿನ ಪಾಸ್‌ಪೋರ್ಟ್ ಮಾಡಿಸಿದವರಿಗೆ ಹೊರದೇಶದಲ್ಲಿ ತೊಡಕು ಬರುತ್ತದೆ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು. ಆದ್ದರಿಂದ ಮಗುವಿನ ಜನನ ಪ್ರಮಾಣಪತ್ರದಲ್ಲೇ ತಂದೆಯ ಹೆಸರನ್ನೋ ಊರನ್ನೋ ಬಿಡಿಸಿ ಸೇರಿಸಿಬಿಡಿ. ಅಣ್ಣನಿಗೆ ಊರು, ತಂಗಿಗೆ ತಂದೆಯ ಹೆಸರು ಎಂದು ಮಾಡಬೇಡಿ. ಒಂದೇ ಮನೆಯ ಮಕ್ಕಳೆಂದು ಆಮೇಲೆ ರುಜುವಾತು ಮಾಡುತ್ತಾ ಕೂರಬೇಕಾಗುತ್ತದೆ.

ಹೆಸರು ನಿರ್ಧಾರವಾಗುವ ಮುನ್ನ ಜನನ ನೋಂದಣಿ ಮಾಡಿಸಬಹುದೇ?

ಮಾಡಿಸಲೇಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ 21 ದಿನದೊಳಗೆ ಮಾಹಿತಿ ಕೊಡಬೇಕು. ಹೆಸರಿನ ಜಾಗ ಖಾಲಿ ಬಿಡಬಹುದು. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಹೆಸರು ಹುಡುಕುತ್ತಾ ನೋಂದಣಿಯನ್ನೇ ಮುಂದೂಡುವುದು ದೊಡ್ಡ ತಪ್ಪು: 30 ದಿನ ದಾಟಿದರೆ ಮೇಲಧಿಕಾರಿಯ ಅನುಮತಿ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಚಾಲನಾ ಪರವಾನಗಿ ಎಲ್ಲದಕ್ಕೂ ಹುಟ್ಟಿದ ದಿನ, ಊರಿನ ಪುರಾವೆ ಜನನ ಪ್ರಮಾಣಪತ್ರವೇ.

ಇಂಗ್ಲಿಷ್ ಸ್ಪೆಲಿಂಗ್ ಬಗ್ಗೆ ಏನು ಗಮನಿಸಬೇಕು?

ತಿಪ್ಪೇಸ್ವಾಮಿಯನ್ನು ಒಬ್ಬರು ಟಿ ಮುಂದೆ ಎಚ್ ಹಾಕಿ, ಇನ್ನೊಬ್ಬರು ಹಾಕದೆ, ಕೊನೆಗೆ ಒಬ್ಬರು ವೈ, ಇನ್ನೊಬ್ಬರು ಐ ಬರೆಯುತ್ತಾರೆ. ನಾಲ್ಕು ರೂಪವಾಯಿತು. ಕಂಪ್ಯೂಟರಿಗೆ ಅವರು ನಾಲ್ಕು ಜನ. ತೊಟ್ಟಿಲ ಶಾಸ್ತ್ರದ ದಿನವೇ ಒಂದು ಚೀಟಿಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ರೂಪ ದೊಡ್ಡಕ್ಷರದಲ್ಲಿ ಬರೆದಿಟ್ಟು, ಪಾಲಿಕೆ, ಪಂಚಾಯಿತಿ, ಆಧಾರ್, ಶಾಲೆ ಎಲ್ಲ ಕಡೆಯೂ ಬಾಯಲ್ಲಿ ಹೇಳದೆ ಆ ಚೀಟಿಯನ್ನೇ ತೋರಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುವುದು ಬಹಳ ಕಷ್ಟ. ಹತ್ತನೇ ತರಗತಿಯಲ್ಲಿ ಪರೀಕ್ಷೆಗೆ ಹೆಸರು ಕಳಿಸುವ ಮುನ್ನ ಶಾಲೆಯವರು ಸಹಿಗೆ ಕೊಡುವ ಪಟ್ಟಿಯನ್ನು ಪೋಷಕರು ತಾವೇ ಹೋಗಿ, ಜನನ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಬೇಕು.